ಆಫ್ತಾಬರ ನಾಲ್ಕು ನಿಮಿಷ

ಕೂಟಗಲ್ಲಿನ ಮುನಿಯಮ್ಮನವರಿಗಾಗಿ ಅವರ ತಂಗಿ ನಾಗಲಕ್ಷ್ಮಮ್ಮ ಈಗಾಗಲೇ ಒಂದು ಸಲ ಎದೆ ಬಡಿದುಕೊಂಡು ಅತ್ತಾಗಿದೆ. ಮುನಿಯಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಈ ಎರಡು ಸಂಗತಿಗಳೂ ಒಟ್ಟಿಗೆ ನಿಜವಾಗಲು ಕಾರಣ ರಾಮನಗರದ ಆಫ್ತಾಬ್.

ಆದದ್ದಿಷ್ಟು. ಅವರೆಕಾಯಿ ಕಾಲದ ಒಂದು ಮಧ್ಯಾಹ್ನ ನಾಗಲಕ್ಷ್ಮಮ್ಮ ಬೈರಾಪಟ್ಟಣದಿಂದ ಎರಡು ಬಸ್ಸು ಬದಲಿಸಿ, ಕಾಯಿ ತುಂಬಿದ ಚೀಲ ಹೊತ್ತುಕೊಂಡು ಅಕ್ಕನ ಬೀದಿಗೆ ತಿರುಗಿದರು. ತಿರುಗಿದವರು ಹಾಗೇ ನಿಂತರು. ಜಗುಲಿಯ ಮೇಲೆ ಅಕ್ಕ ಕಂಬಕ್ಕೆ ಒರಗಿ ಕೂತಿದ್ದಾರೆ. ಮೈಮೇಲೆ ಮದುವೆಗಳಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಹಸಿರು ರೇಷ್ಮೆ ಸೀರೆ. ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ತಲೆಯನ್ನು ಕಂಬಕ್ಕೆ ಬಿಗಿದಿದೆ. ಮುಂದೆ ಊದುಬತ್ತಿ ಉರಿಯುತ್ತಿದೆ. ಊದುಬತ್ತಿಯಾಚೆ ಸ್ಟೂಲಿನ ಮೇಲೆ ಕುಂಕುಮದ ಡಬ್ಬಿಯಂಥ ಒಂದು ಕೆಂಪು ಡಬ್ಬಿ. ಭಾವ ಕರಿಯಪ್ಪ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ತಲೆ ತಗ್ಗಿಸಿ ನಿಂತಿದ್ದಾರೆ. ಎದುರಿಗೆ ಕನ್ನಡಕದ ಸಾಬರೊಬ್ಬರು ಕೈಗಡಿಯಾರ ನೋಡುತ್ತಾ ಗಂಭೀರವಾಗಿದ್ದಾರೆ.

ನಮ್ಮ ಕಡೆ ಹೋದವರನ್ನು ಹೀಗೇ ಕೂರಿಸುತ್ತಾರೆ. ತಲೆ ವಾಲದಂತೆ ಕಟ್ಟುತ್ತಾರೆ. ಊದುಬತ್ತಿ ಹಚ್ಚುತ್ತಾರೆ. ನಾಗಲಕ್ಷ್ಮಮ್ಮ ಬೇರೇನು ಅಂದುಕೊಳ್ಳಬೇಕಿತ್ತು? ಚೀಲ ಬಿಸಾಡಿ ಓಡಿಬಂದು ಅಕ್ಕನ ಕಾಲ ಬಳಿ ಕುಸಿದರು.

"ಅಯ್ಯೋ ನನ್ನಕ್ಕಾ, ನಿನ್ನೆ ಫೋನಲ್ಲಿ ಮಾತಾಡಿದ್ಯಲ್ಲಕ್ಕಾ. ಅವರೆಕಾಯಿ ತತ್ತಾ ಅಂದ್ಯಲ್ಲಕ್ಕಾ. ತಂದಿವ್ನಿ ಕಣಕ್ಕಾ, ಯಾರ್ಗಕ್ಕಾ ಸುಲ್ದು ಕೊಡ್ಲಿ. ಗ್ವಾಡೆಗ್ ಹಾಕಕ್ಕೆ ಒಂದ್ ಪೋಟಾನಾದ್ರೂ ತೆಗ್ಸಿದ್ಯೇನಕ್ಕಾ."

ಸಾಬರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಕರಿಯಪ್ಪ ಅಲ್ಲಾಡಲಿಲ್ಲ. ಮುನಿಯಮ್ಮನೂ ಅಲ್ಲಾಡಲಿಲ್ಲ. ಅಳು ಇನ್ನೊಂದು ಚರಣಕ್ಕೆ ಏರಿತು.

"ಜುಮುಕಿ ನಿಂಗೇ ಕಣೇ ನಾಗೂ ಅಂದಿದ್ಯಲ್ಲಕ್ಕಾ. ಈಗ ಅದು ಯಾರ್ ಪಾಲಾಯ್ತದಕ್ಕಾ."

"ಯಾವಾಗ್ಲೇ ಅಂದಿದ್ದೆ ನಾನು?" ಅಂದರು ಮುನಿಯಮ್ಮ.

"ಮಹೇಂದ್ರನ ಮದ್ವೇಲಿ ಅಂದಿದ್ದೆ," ಎಂದು ನಾಗಲಕ್ಷ್ಮಮ್ಮ ಮೊದಲು ಉತ್ತರ ಕೊಟ್ಟರು. ಆಮೇಲೆ ಬೆಚ್ಚಿಬಿದ್ದರು.

ಸಾಬರು ಗಡಿಯಾರದಿಂದ ಕಣ್ಣು ತೆಗೆಯದೆ ಮೆಲ್ಲಗೆ, "ಅವ್ವಾ, ಇನ್ನೂ ಎರಡೂವರೆ ನಿಮಿಷ ಐತೆ," ಅಂದರು.

ಈ ಸಾಬರೇ ಆಫ್ತಾಬ್. ಸ್ಟೂಲಿನ ಮೇಲಿದ್ದದ್ದು ಅವರ ಕ್ಯಾಮೆರಾ. ತಲೆಗೆ ಪಟ್ಟಿ ಕಟ್ಟಿದ್ದು ನಾಲ್ಕು ನಿಮಿಷ ಮುಖ ಅಲ್ಲಾಡದಿರಲಿ ಎಂದು. ಊದುಬತ್ತಿ ನೊಣಗಳಿಗೆ. ಕರಿಯಪ್ಪನವರ ಮುಖದ ಮೇಲಿದ್ದ ದುಃಖ ಅಪ್ಪಟ ನಿಜದ್ದು. ಅಷ್ಟು ಹೊತ್ತು ಬೀಡಿ ಹಚ್ಚಬೇಡಿ ಎಂದು ಅವರಿಗೆ ಹೇಳಲಾಗಿತ್ತು.

ಆಫ್ತಾಬ್ ವೃತ್ತಿಯಿಂದ ರೀಲರ್. ಈ ಮಾತನ್ನು ಬೆಂಗಳೂರಿನಲ್ಲಿ ಹೇಳಿದರೆ, ಎಷ್ಟು ಫಾಲೋವರ್ಸು ಅನ್ನುತ್ತಾರೆ. ಟೀ ಅಂಗಡಿಯಲ್ಲಿ ಹೇಳಿದರೆ, ಎಂಥಾ ರೀಲು ಬಿಡ್ತಾರೆ ಅನ್ನುತ್ತಾರೆ. ಆಫ್ತಾಬ್ ರೀಲು ಬಿಡುವವರಲ್ಲ, ಸುತ್ತುವವರು. ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿ, ಕಣ್ಣಿಗೆ ಕಾಣದಂಥ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ, ಎಂಟು ಗೂಡಿನ ಎಳೆ ಸೇರಿಸಿ ಒಂದು ದಾರ ಮಾಡುವ ಕೆಲಸ. ಅಪ್ಪ ಮಾಡಿದ್ದು, ಅಜ್ಜ ಮಾಡಿದ್ದು. ಮೂವತ್ತು ವರ್ಷ ಬಿಸಿನೀರಿನಲ್ಲಿ ಆಡಿ ಅವರ ಬೆರಳಿನ ತುದಿಗಳು ನುಣುಪಾಗಿಬಿಟ್ಟಿವೆ. ಆಧಾರ್ ಮಾಡಿಸಲು ಹೋದಾಗ ಯಂತ್ರಕ್ಕೆ ಅವರ ಬೆರಳಚ್ಚೇ ಸಿಗಲಿಲ್ಲವಂತೆ. ಲೋಕದ ಅಚ್ಚೆಲ್ಲ ಹಿಡಿಯುವ ಮನುಷ್ಯನ ಅಚ್ಚು ಮಾತ್ರ ಯಾರಿಗೂ ಸಿಗುವುದಿಲ್ಲ.

ಹವ್ಯಾಸ ಅಂಟಿದ್ದು ಆಧಾರಿಗಿಂತ ಮೊದಲು. ಚನ್ನಪಟ್ಟಣದ ಹಳೆಯ ಸ್ಟುಡಿಯೋ ಒಂದಕ್ಕೆ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಲು ಹೋದರು. ಅಂದೇ ಆ ಸ್ಟುಡಿಯೋ ಬಾಗಿಲು ಹಾಕುತ್ತಿತ್ತು. ತಾರೀಖು ಮುಗಿದ ಫೋಟೋ ಕಾಗದದ ಎರಡು ಟ್ರಂಕು ಬೀದಿಗೆ ಬಂದಿದ್ದವು. ಯಜಮಾನರು, "ಬೇಕಾದ್ರೆ ತಗೊಂಡೋಗಿ, ಇಲ್ಲಾಂದ್ರೆ ಗುಜರಿಗೆ," ಅಂದರು. ಫೋಟೋ ತೆಗೆಸಲು ಹೋದವರು ಫೋಟೋ ತೆಗೆಯುವವರಾಗಿ ಆಟೋದಲ್ಲಿ ವಾಪಸು ಬಂದರು.

ಕಾಗದ ಬಂತು, ಕ್ಯಾಮೆರಾ ಇಲ್ಲ. ಗೊಂಬೆ ಮಾಡುವ ಗೆಳೆಯ ಬಾಬಾಜಾನ್ ಹಾಲೆ ಮರ ಕಡೆದು, ಅರಗಿನ ಕೆಂಪು ಬಳಿದು, ಅವಲಕ್ಕಿ ಡಬ್ಬದಷ್ಟು ದೊಡ್ಡ ಡಬ್ಬಿ ಮಾಡಿಕೊಟ್ಟ. ಒಳಗೆಲ್ಲ ಕಪ್ಪು. ಪಕ್ಕದಲ್ಲಿ ಒಂದು ಕಿಂಡಿ. ಅದಕ್ಕೆ ಕೂಲ್‌ಡ್ರಿಂಕ್ ಟಿನ್ನಿನ ಚೂರು ಅಂಟಿಸಿ, ಸೂಜಿಯಿಂದ ಒಂದೇ ಒಂದು ತೂತು. ಲೆನ್ಸು ಇಲ್ಲ, ಬಟನ್ನು ಇಲ್ಲ. ತೂತಿನ ಮೇಲಿನ ಕಪ್ಪು ಟೇಪು ಕಿತ್ತರೆ ಬೆಳಕು ಒಳಗೆ ಹೋಗಿ ಹಿಂದಿನ ಕಾಗದದ ಮೇಲೆ ಕೂರುತ್ತದೆ. ಹಳೆಯ ಕಾಗದವಾದ್ದರಿಂದ ಬೆಳಕಿಗೂ ಅಲ್ಲಿ ಕೂರಲು ನಾಲ್ಕು ನಿಮಿಷ ಬೇಕು. ಬೇರೆಯವರ ಕ್ಯಾಮೆರಾದಲ್ಲಿ ತೂತು ಬಿದ್ದರೆ ಕ್ಯಾಮೆರಾ ಹಾಳು. ಇವರದರಲ್ಲಿ ತೂತೇ ಕ್ಯಾಮೆರಾ.

ತೊಳೆಯುವ ಔಷಧಿಯೂ ಮನೆಯದೇ. ಕಾಫಿ ಪುಡಿ, ಬಟ್ಟೆ ಸೋಡಾ, ವಿಟಮಿನ್ ಸಿ ಮಾತ್ರೆ. ಬಚ್ಚಲ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ಬಲ್ಬು ಹಾಕಿ, ಬೋಗುಣಿಯಲ್ಲಿ ಈ ಕಷಾಯ ಕಲಸಿ ಕಾಗದ ಅದ್ದಿದರೆ ಚಿತ್ರ ಮೂಡುತ್ತದೆ. ಅವರ ಹೆಂಡತಿ ವಜೀರಾ ಈ ಬಗ್ಗೆ ಹೇಳುವುದು ಒಂದೇ ಮಾತು: "ನಮ್ಮನೇಲಿ ನೆಂಟ್ರಿಗಿಂತ ಫೋಟೋಗಳೇ ಜಾಸ್ತಿ ಕಾಫಿ ಕುಡೀತಾವೆ."

ಆಫ್ತಾಬ್ ಅಂದರೆ ಸೂರ್ಯ. ಹೆಸರಿಗೆ ತಕ್ಕಂತೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅವರ ಉದಯ. ಬೆಳಗ್ಗಿನ ಗೂಡು ಮುಗಿದಿರುತ್ತದೆ, ಬಿಸಿಲು ನೆತ್ತಿಯ ಮೇಲಿರುತ್ತದೆ. ಡಬ್ಬಿ ಕಂಕುಳಲ್ಲಿಟ್ಟು ಹೊರಡುತ್ತಾರೆ. ನಮ್ಮೂರಿಗೆ ಬರುವ ಕ್ಯಾಮೆರಾಗಳೆಲ್ಲ ಬೆಟ್ಟದ ಕಡೆಗೆ ಓಡುತ್ತವೆ. ಆಫ್ತಾಬ್ ಇಷ್ಟು ವರ್ಷದಲ್ಲಿ ಬೆಟ್ಟದ ಒಂದು ಫೋಟೋ ತೆಗೆದಿಲ್ಲ. ಕೇಳಿದರೆ, "ಅದೆಲ್ಲಿಗೆ ಹೋಯ್ತದೆ? ಇರ್ಲಿ ಬಿಡಿ," ಅನ್ನುತ್ತಾರೆ. ಅವರು ತೆಗೆಯುವುದು ಹೋಗುವಂಥದ್ದನ್ನು. ಒಲೆಯ ಮೇಲಿನ ಆವಿ. ಟೀ ಅಂಗಡಿಯಲ್ಲಿ ತೊಳೆದು ಬೋರಲು ಹಾಕಿದ ಲೋಟಗಳು. ಮಾಗಡಿ ಬಸ್ಸಿನ ಹರಿದ ಸೀಟಿನಿಂದ ಇಣುಕುವ ನಾರು. ಮದುವೆ ಮನೆಯ ಹೊರಗೆ ಬಿಟ್ಟ ಇನ್ನೂರು ಜೊತೆ ಚಪ್ಪಲಿ: ಆ ಚಿತ್ರದಲ್ಲಿ ಒಂದೇ ಒಂದು ಜೊತೆ ಮಸುಕಾಗಿದೆ. "ಅದು ಆ ನಾಲ್ಕು ನಿಮಿಷದಲ್ಲಿ ಕಳುವಾಗಿದ್ದು," ಎಂದು ಆಫ್ತಾಬ್ ತೋರಿಸುತ್ತಾರೆ. ನಾನು ಇಂಗ್ಲಿಷ್ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರುಗಳಿಂದ 'ಸಿಟ್ ಸ್ಟಿಲ್' ಅನ್ನಿಸಿಕೊಂಡವನು. ಸುಮ್ಮನೆ ಕೂತ ವಸ್ತುವಿಗೆ ಇಷ್ಟು ಜೀವ ಇರುತ್ತದೆಂದು ಗೊತ್ತಾದದ್ದು ಈ ಡಬ್ಬಿಯ ಚಿತ್ರ ನೋಡಿದ ಮೇಲೆ.

ಇಂಥವರ ಬಳಿ ಮುನಿಯಮ್ಮ ಒಂದು ಬೇಡಿಕೆ ಇಟ್ಟರು. ರೇಷ್ಮೆ ಹುಳು ಸಾಕುವ ಅವರ ಮನೆಯ ಗೂಡನ್ನು ಆಫ್ತಾಬ್ ಇಪ್ಪತ್ತು ವರ್ಷದಿಂದ ಬಲ್ಲರು. ಮಾರ್ಕೆಟ್ಟಿನ ತಟ್ಟೆಯಲ್ಲಿ ಕಣ್ಣು ಮುಚ್ಚಿ ಮುಟ್ಟಿದರೂ, ಇದು ಕೂಟಗಲ್ಲಿನ ಮುನಿಯಮ್ಮನವರದು ಅನ್ನುವಷ್ಟು. ಒಂದು ದಿನ ಅದೇ ತಟ್ಟೆಯ ಪಕ್ಕ, ಸೊಂಟದ ಚೀಲದಿಂದ ಎಲೆಅಡಿಕೆ ತೆಗೆಯುತ್ತಾ ಮುನಿಯಮ್ಮ ಕೇಳಿದರು.

"ಅಪ್ತಾಬಣ್ಣ, ನಂದೊಂದ್ ಪೋಟಾ ತೆಗ್ದ್ ಕೊಡು. ಗ್ವಾಡೆಗೆ."

"ಮಹೇಂದ್ರನ ಫೋನಲ್ಲೇ ತೆಗೀಬೋದಲ್ಲ ಅವ್ವಾ?"

"ತೆಗ್ದ. ಮೊಮ್ಮಗ ಅಂತ ನಂಬ್ದೆ. ನನ್ನ ಸುಣ್ಣ ಬಳ್ದಂಗೆ ಬೆಳ್ಳಗ್ ಮಾಡ್ಬುಟ್ಟವ್ನೆ. ತುಟೀಗೆ ಬಣ್ಣ ಬೇರೆ. ನಮ್ಮತ್ತೆ ಗತಿ ನಂಗ್ ಬ್ಯಾಡ ಕಣಣ್ಣ."

ಅತ್ತೆಯ ಗತಿ ಹೀಗಾಗಿತ್ತು. ಅವರು ಹೋದಾಗ ಒಂದೂ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪು ಚಿತ್ರದಿಂದ ಅವರ ತಲೆಯನ್ನು ಮಾತ್ರ ಎತ್ತಿ, ಸ್ಟುಡಿಯೋದವರು ನೇರಳೆ ಸೀರೆಯ ಬೇರೆ ಯಾರದೋ ಮೈಗೆ ಅಂಟಿಸಿದರು. ಆ ಮೈಯ ಕೈಯಲ್ಲಿ ವಾಚು ಇತ್ತು. ಜನ್ಮದಲ್ಲಿ ವಾಚು ಕಟ್ಟದ ಹೆಂಗಸು ಈಗ ಮೂವತ್ತು ವರ್ಷದಿಂದ ಗೋಡೆಯ ಮೇಲೆ ವಾಚು ಕಟ್ಟಿಕೊಂಡಿದ್ದಾರೆ. "ಇದ್ದಾಗ ಟೈಮ್ ಇರ್ಲಿಲ್ಲ, ಹೋದ್ಮೇಲೆ ಟೈಮ್ ನೋಡ್ತಾವ್ಳೆ," ಎಂದು ಮುನಿಯಮ್ಮ ನಗುತ್ತಿದ್ದರು. ಆದರೆ ವಯಸ್ಸು ಎಪ್ಪತ್ತು ದಾಟಿದ ಮೇಲೆ ಆ ನಗು ಸಣ್ಣದಾಗಿತ್ತು.

"ನಾನ್ ಹೋದ್ಮೇಲೆ ಗ್ವಾಡೆ ಮೇಲೆ ನಾನೇ ಇರ್ಬೇಕು, ಇನ್ಯಾವಳೋ ಅಲ್ಲ," ಅಂದರು. "ನಿನ್ ಡಬ್ಬೀಲಿ ಏನೂ ಇಲ್ವಂತಲ್ಲ, ಬರೀ ತೂತಂತೆ. ತೂತು ಸುಳ್ಳು ಹೇಳಾಕಿಲ್ಲ. ಅದ್ರಲ್ಲೇ ತೆಗಿ. ನಾನು ನೋಡಿ ಒಪ್ಕಬೇಕು, ಆಮೇಲೆ ಕಟ್ ಹಾಕ್ಸದು."

ಆಫ್ತಾಬ್ ಆಗಲಿ ಅಂದರು. ಹಾಗೆ ಅಂದು ಮಾಡಿದ ಮೊದಲ ಪ್ರಯತ್ನವನ್ನೇ ನಾಗಲಕ್ಷ್ಮಮ್ಮ ಅತ್ತು ತೊಳೆದದ್ದು.

ಆ ದಿನದ ಕಾಗದವನ್ನೂ ಆಫ್ತಾಬ್ ಬಿಸಾಡಲಿಲ್ಲ. ತೊಳೆದು, ಕೂಟಗಲ್ಲಿಗೆ ತಂದು ಕೊಟ್ಟರು. ಹಣೆ ಸ್ಪಷ್ಟವಾಗಿದೆ, ಪಟ್ಟಿ ಕಟ್ಟಿದ್ದರಿಂದ. ಕಣ್ಣು ಇದೆ. ಬಾಯಿ ಇರಬೇಕಾದ ಜಾಗದಲ್ಲಿ ಮಾತ್ರ ಬರೀ ಮಂಜು. ಜುಮುಕಿಯ ಮಾತು ಬಂದ ಮೇಲಿನ ಎರಡೂವರೆ ನಿಮಿಷವೂ ಮುನಿಯಮ್ಮ ತಂಗಿಯನ್ನು ಬಯ್ಯುತ್ತಲೇ ಇದ್ದರಲ್ಲ, ಬಾಯಿಗೆ ಕಾಗದದ ಮೇಲೆ ನಿಲ್ಲಲು ಪುರಸೊತ್ತೇ ಸಿಕ್ಕಿರಲಿಲ್ಲ. ಅಲುಗುವುದೆಲ್ಲ ಈ ಡಬ್ಬಿಯಲ್ಲಿ ಅಳಿಸಿಹೋಗುತ್ತದೆ. ಎದೆ ಬಡಿದುಕೊಂಡ ನಾಗಲಕ್ಷ್ಮಮ್ಮ ಚಿತ್ರದಲ್ಲಿ ಇಲ್ಲವೇ ಇಲ್ಲ. ಕರಿಯಪ್ಪ ಮಾತ್ರ ಟವೆಲ್ಲಿನ ಅಂಚಿನವರೆಗೂ ನಿಚ್ಚಳವಾಗಿ ನಿಂತಿದ್ದರು.

"ಅಷ್ಟ್ ಅತ್ತಿವ್ನಿ, ನಾನೆಲ್ಲಿ?" ಎಂದರು ನಾಗಲಕ್ಷ್ಮಮ್ಮ.

"ನೀನು ಅತ್ತಿದ್ದು ಜುಮ್ಕಿಗೆ. ಅದ್ಕೇ ಬಂದಿಲ್ಲ," ಎಂದರು ಮುನಿಯಮ್ಮ. ಆಮೇಲೆ ಆಫ್ತಾಬರ ಕಡೆ ತಿರುಗಿ, "ಬಾಯಿಲ್ದೋಳು ಯಾರಣ್ಣ ಇವ್ಳು? ಇವ್ಳು ನಾನಲ್ಲ," ಅಂದರು. ಮನೆಯವರೆಲ್ಲ ಅದನ್ನು ಒಪ್ಪಿದರು.

ಇಲ್ಲಿ ಆಫ್ತಾಬರ ಒಂದು ದೌರ್ಬಲ್ಯವನ್ನೂ ಹೇಳಬೇಕು. ಹೊಸ ವಿಧಾನ ಒಂದು ತಲೆಗೆ ಹೊಕ್ಕರೆ ಅವರಿಗೆ ಹಳೆಯ ಮಾತು ಮರೆಯುತ್ತದೆ. ಆ ವಾರವೇ ಅವರು ಎಲ್ಲಿಯೋ ಓದಿದ್ದರು: ಹಸಿರೆಲೆಯ ಮೇಲೆ ಚಿತ್ರದ ಪಾರದರ್ಶಕ ಹಾಳೆ ಇಟ್ಟು, ಗಾಜು ಮುಚ್ಚಿ, ಬಿಸಿಲಿಗೆ ಇಟ್ಟರೆ, ಬೆಳಕು ಬಿದ್ದ ಕಡೆ ಹಸಿರು ಮಾಸಿ ಎಲೆಯಲ್ಲೇ ಚಿತ್ರ ಮೂಡುತ್ತದೆ ಎಂದು. ರೀಲರಿಗೆ ಎಲೆ ಅಂದರೆ ಇನ್ನಾವ ಎಲೆ? ಹಿಪ್ಪುನೇರಳೆ. ಮುನಿಯಮ್ಮನದೇ ತೋಟದ ಎಲೆ ತಂದರು. ಫೋನಿನಲ್ಲಿ ತೆಗೆದ ಅವರ ಮುಖವನ್ನು ಝೆರಾಕ್ಸ್ ಅಂಗಡಿಯಲ್ಲಿ ಹಾಳೆಯ ಮೇಲೆ ಅಚ್ಚು ಹಾಕಿಸಿದರು. ತಾರಸಿಯ ಮೇಲೆ ಎರಡು ದಿನ ಬಿಸಿಲು ಕಾಯಿಸಿದರು, ತಾವೂ ಕಾದರು. ಹದಿನಾಲ್ಕು ಎಲೆ ಸುಟ್ಟುಹೋದವು. ನಾಲ್ಕು ಎಲೆಯಲ್ಲಿ ಮುನಿಯಮ್ಮ ಬಂದರು: ನರಗಳೇ ಸುಕ್ಕುಗಳು, ಎಲೆಯ ಹಸಿರೇ ಕೆನ್ನೆ. ಎಲೆಮರೆಯ ಕಾಯಿ ಅನ್ನುತ್ತೇವಲ್ಲ, ಇದು ಎಲೆಮೇಲಿನ ಮಾಯೆ. ಆ ನಾಲ್ಕರಲ್ಲಿ ಒಂದನ್ನು ನಾನು ಕಂಡಿದ್ದೇನೆ. ಅಂಥದ್ದನ್ನು ಮಾಡಬಲ್ಲ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ನನಗೆ ತಿಳಿಸಿ.

ಒಣಗದಿರಲಿ ಎಂದು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಆಫ್ತಾಬ್ ಕೂಟಗಲ್ಲಿಗೆ ಒಯ್ದರು. ಮುನಿಯಮ್ಮ ತೋಟದಲ್ಲಿದ್ದರು. ಗಂಟನ್ನು ಹುಳುಮನೆಯ ಬಾಗಿಲಲ್ಲಿಟ್ಟು, ಕರೆದು ತರಲು ತೋಟಕ್ಕೆ ಹೋದರು. ಹುಳುಗಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲಿನ ವಾರ ಅವುಗಳ ಹಸಿವಿಗೆ ಮಿತಿ ಇರುವುದಿಲ್ಲ. ಅಕ್ಕನಿಗೆ ನೆರವಾಗಲು ಬಂದಿದ್ದ ನಾಗಲಕ್ಷ್ಮಮ್ಮ ಬಾಗಿಲಲ್ಲಿ ಒದ್ದೆ ಬಟ್ಟೆಯ ಸೊಪ್ಪಿನ ಗಂಟು ಕಂಡರು. ಕೊಯ್ದ ಸೊಪ್ಪು ಬಾಡದಿರಲಿ ಎಂದು ಎಲ್ಲ ಮನೆಯಲ್ಲೂ ಹೀಗೇ ಇಡುತ್ತಾರೆ. ಬಿಚ್ಚಿದರು, ತಟ್ಟೆಗೆ ಹಾಕಿದರು.

ಮುನಿಯಮ್ಮ ಬಂದು ನೋಡುವ ಹೊತ್ತಿಗೆ ಹುಳು ಮೇಯುವ, ಮಳೆ ಬಿದ್ದಂಥ ಸದ್ದು. ಮೂರು ಮುನಿಯಮ್ಮಂದಿರು ಪೂರ್ತಿ ಖಾಲಿ. ನಾಲ್ಕನೆಯವರ ಒಂದು ಕಿವಿ ಉಳಿದಿತ್ತು. ಅದರಲ್ಲಿ ಜುಮುಕಿ.

"ಎಲೆಗೆ ಔಸ್ದಿ ಗಿಸ್ದಿ ಹಾಕಿದ್ಯಾ ಅಣ್ಣ?" ಎಂದರು ಮುನಿಯಮ್ಮ. ಮೊದಲ ಚಿಂತೆ ಹುಳುವಿನದು.

"ಇಲ್ಲ ಅವ್ವಾ. ಬರೀ ಬಿಸ್ಲು."

"ಹಂಗಾರೆ ಸರಿ." ಉಳಿದ ಕಿವಿಯನ್ನೂ ತಟ್ಟೆಗೆ ದೂಡಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು: "ಅಪ್ತಾಬಣ್ಣ, ನಾನ್ ಕೇಳಿದ್ದು ಗ್ವಾಡೆಗೆ. ನೀನ್ ತಂದಿದ್ದು ಹುಳಕ್ಕೆ. ನಿನ್ ಆಟ ಮುಗ್ಯಗಂಟ ನಾನ್ ಇರ್ತೀನಾ?"

ಆಫ್ತಾಬ್ ವಾಪಸು ಹೊರಟರು. ದಾರಿಯುದ್ದಕ್ಕೂ ಸ್ಕೂಟರನ್ನು ಇಪ್ಪತ್ತರ ಮೇಲೆ ಓಡಿಸಲಿಲ್ಲವಂತೆ. ಮನೆಗೆ ಬಂದು ಹೆಂಡತಿಗೆ ಹೇಳಿದರು. ಮುಂದಿನ ವಾರ ಇನ್ನೊಮ್ಮೆ ಡಬ್ಬಿ ತಗೊಂಡು ಹೋಗಬೇಕು, ಆದರೆ ಅವ್ವ ಕೂರುವುದೇ ಇಲ್ಲ, ಕೂತರೂ ಬಾಯಿ ಸುಮ್ಮನಿರುವುದಿಲ್ಲ ಎಂದರು.

ವಜೀರಾ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ನೀವು ನಿಮ್ ಬಿಡುವು ನೋಡ್ಕೊಂಡು ಹೋಗ್ತೀರ. ಅವರ ಬಿಡುವು ಯಾವತ್ತಾದ್ರೂ ನೋಡಿದ್ದೀರಾ?"

ಇಪ್ಪತ್ತು ವರ್ಷ ಗೂಡು ಕೊಂಡ ರೀಲರಿಗೆ ಗೂಡು ಕಟ್ಟಿಸುವವರ ದಿನಚರಿ ಆಗ ಹೊಳೆಯಿತು. ಹುಳು ಹಣ್ಣಾದ ಮೇಲೆ, ಅಂದರೆ ಮೇವು ಬಿಟ್ಟು ಮೈ ಹೊಳೆಯತೊಡಗಿದ ಮೇಲೆ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುತ್ತಾರೆ. ಆಮೇಲೆ ಮೂರು ದಿನ ಅವು ತಮ್ಮ ಪಾಡಿಗೆ ಎಳೆ ಬಿಡುತ್ತಾ ಗೂಡು ಸುತ್ತುತ್ತವೆ. ಅಷ್ಟು ದಿನ ಎಲೆ ಎಲೆ ಎಂದು ಓಡಾಡಿದ ಮನೆ ಎಳೆಯ ಹೊತ್ತಿಗೆ ತಣ್ಣಗಾಗುತ್ತದೆ. ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ. ತಿಂಗಳಲ್ಲಿ ಆ ಮೂರು ದಿನ ಮಾತ್ರ ಮುನಿಯಮ್ಮ ಎಂಬ ಹೆಂಗಸು ಒಂದು ಕಡೆ ಕೂರುತ್ತಾರೆ.

ಎಂಟು ದಿನ ಬಿಟ್ಟು, ಹುಳು ಚಂದ್ರಿಕೆ ಏರಿದ ಮಾರನೆಯ ಮಧ್ಯಾಹ್ನ, ಆಫ್ತಾಬ್ ಹೋದರು. ಈ ಸಲ ಪಟ್ಟಿ ಇಲ್ಲ, ಊದುಬತ್ತಿ ಇಲ್ಲ, ರೇಷ್ಮೆ ಸೀರೆಯೂ ಇಲ್ಲ. ಊಟ ಮುಗಿಸಿ ಅದೇ ಕಂಬಕ್ಕೆ ಒರಗಿದ್ದವರನ್ನು ಹಾಗೇ ಇರಿ ಅಂದರು. ನಾಗಲಕ್ಷ್ಮಮ್ಮನನ್ನು ಕರಿಯಪ್ಪ ಹಿತ್ತಲಲ್ಲಿ ಮಾತಿಗೆ ಹಿಡಿದುಕೊಂಡರು. ಆಫ್ತಾಬ್ ಟೇಪು ಕಿತ್ತರು. ನಾಲ್ಕು ನಿಮಿಷ.

ಆ ಚಿತ್ರವನ್ನು ನಾನು ಎಷ್ಟು ಹೊತ್ತು ನೋಡಿದ್ದೇನೋ ಲೆಕ್ಕವಿಲ್ಲ. ಪೋಸ್ಟ್‌ಕಾರ್ಡಿನಷ್ಟೇ ಗಾತ್ರ. ಅಂಗಳದಲ್ಲಿ ಓಡಾಡಿದ ಕೋಳಿ, ಬೀದಿಯಲ್ಲಿ ಹಾದ ಟ್ರ್ಯಾಕ್ಟರು, ಯಾವುದೂ ಇಲ್ಲ. ಇಡೀ ಕೂಟಗಲ್ಲು ಕರಗಿಹೋಗಿ ಒಬ್ಬ ಹೆಂಗಸು ಮಾತ್ರ ಉಳಿದಿದ್ದಾರೆ. ದುಡಿದ ಕೈ ಮಡಿಲಲ್ಲಿ. ಬಿಗಿದು ಮುಚ್ಚಿದ ತುಟಿ. ಕೆನ್ನೆಯಲ್ಲಿ ಒಂದು ತುಂಬು. ಒಳಗೆ ಏನನ್ನೋ ಹಿಡಿದಿಟ್ಟುಕೊಂಡು, ಹೇಳಬಲ್ಲೆ ಆದರೆ ಹೇಳುವುದಿಲ್ಲ ಅನ್ನುವಂಥ 'ಗತ್ತು'. ಮುನಿಯಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ನೆರಳಿಗೆ ಹಿಡಿದು ನೋಡಿದರು. ಸೆರಗಿನಿಂದ ಒಂದು ಸಲ ಒರೆಸಿದರು, ಅದರ ಮೇಲೆ ಏನೂ ಇರಲಿಲ್ಲ.

"ಇವ್ಳು ನಾನೇ," ಅಂದರು.

ಕಟ್ಟು ಹಾಕಿಸಿ, ವಾಚು ಕಟ್ಟಿದ ಅತ್ತೆಯ ಪಕ್ಕದಲ್ಲೇ ತೂಗುಹಾಕಿದ್ದಾರೆ. ಹೊಸಬರು ಯಾರು ಒಳಗೆ ಬಂದರೂ ಗೋಡೆ ನೋಡಿ ದನಿ ತಗ್ಗಿಸಿ, "ಯಾವಾಗಾಯ್ತು?" ಅನ್ನುತ್ತಾರೆ. ಅಡುಗೆಮನೆಯಿಂದ ಮುನಿಯಮ್ಮ, "ಇನ್ನೂ ಆಗಿಲ್ಲ, ಕುಂತ್ಕಳಿ," ಅನ್ನುತ್ತಾರೆ.

ಹೋದ ತಿಂಗಳು ಆಫ್ತಾಬರ ನಲವತ್ತು ಚಿತ್ರಗಳನ್ನು ರಾಮನಗರದ ಒಂದು ಸಭಾಂಗಣದಲ್ಲಿ ನಾವು ನಾಲ್ಕಾರು ಗೆಳೆಯರು ಸೇರಿ ತೂಗುಹಾಕಿದೆವು. ಗೋಡೆಯ ಫೋಟೋವನ್ನು ಮುನಿಯಮ್ಮ ಎರಡೇ ದಿನಕ್ಕೆ ಎರವಲು ಕೊಟ್ಟರು. ಹೊಸ ಮರಿಹುಳು ಬಂದಿದ್ದರಿಂದ ತಾವು ಬರಲಿಲ್ಲ. ನೋಡಲು ಬಂದವರಲ್ಲಿ ಕನಕಪುರದಲ್ಲಿ ಚಿತ್ರಕಲೆ ಕಲಿಸುವ ರಾಧಾಮಣಿ ಮೇಡಂ ಇದ್ದರು. ಚಪ್ಪಲಿಗಳ ಮುಂದೆ ನಕ್ಕರು, ಆವಿಯ ಮುಂದೆ ಕನ್ನಡಕ ತೆಗೆದು ಒರೆಸಿದರು. ಮುನಿಯಮ್ಮನ ಮುಂದೆ ಬಂದವರು ಅಲ್ಲೇ ನಿಂತುಬಿಟ್ಟರು. ನಾಲ್ಕು ನಿಮಿಷಕ್ಕಿಂತ ಹೆಚ್ಚೇ ಆಗಿರಬೇಕು.

"ಆಫ್ತಾಬ್ ಅವರೇ," ಅಂದರು ಕೊನೆಗೆ, ಮೆಲುದನಿಯಲ್ಲಿ. "ಎಷ್ಟೋ ದೊಡ್ಡವರ ಚಿತ್ರ ನೋಡಿದ್ದೇನೆ. ಈ ಮೌನ ಎಲ್ಲೂ ಕಂಡಿಲ್ಲ. ಒಂದು ಜನ್ಮದ ಮಾತನ್ನೆಲ್ಲ ತುಟಿಯ ಹಿಂದೆ ಹಿಡಿದಿಟ್ಟುಕೊಂಡ ಹಾಗಿದೆ. ಇದನ್ನು ಅವರಿಂದ ಹೇಗೆ ಹೊರತಂದಿರಿ?"

ಆಫ್ತಾಬ್ ಫೋಟೋ ನೋಡಿದರು, ಮೇಡಂ ಮುಖ ನೋಡಿದರು, ನುಣುಪಾದ ಬೆರಳುಗಳಿಂದ ಗಡ್ಡ ಸವರಿಕೊಂಡರು.

"ಊಟ ಆಗಿತ್ತು ಮೇಡಂ, ಬಾಯ್ತುಂಬ ಎಲೆಅಡಿಕೆ ಹಾಕಿದ್ರು. ನಾಲ್ಕ್ ನಿಮಿಷ ಉಗಿಯಕ್ಕೆ ನಾನು ಬಿಡ್ಲಿಲ್ಲ."